ಸಲಿಂಗ ದಾಂಪತ್ಯ ಮುರಿದಾಗ: ವಿಚ್ಛೇದನವಿಲ್ಲದ ಬೇರ್ಪಡೆಯ ಕಾನೂನು ತೊಡಕುಗಳು

ಬೆಂಗಳೂರು: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಳೆಯ ಗಾದೆ. ಇಬ್ಬರು ಸೇರಿ ಮನೆ ಮಾಡಿದ್ದಾರೆ, ವರ್ಷಗಟ್ಟಲೆ ಜತೆಯಾಗಿ ಬಾಳಿದ್ದಾರೆ, ಆದರೆ ಕಾನೂನಿನ ಕಣ್ಣಿಗೆ ಅವರ ಮದುವೆಯೇ ಆಗಿಲ್ಲ. ಅಂಥವರು ಬೇರೆಯಾಗಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಆ ಗಾದೆಯಲ್ಲಿ ಉತ್ತರವಿಲ್ಲ. ದೇಶದ ವಿವಾಹ ಕಾಯ್ದೆಗಳಲ್ಲಿಯೂ ಇಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಪ್ರದೇಶಗಳಲ್ಲಿ ವಾಸಿಸುವ ಗಂಡ ಹೆಂಡತಿಯರು ಬೇರೆಯಾಗಬೇಕಾದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿರುವ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ. ಅದೇ ಬಡಾವಣೆಗಳಲ್ಲಿ ಸಂಸಾರ ಹೂಡಿದ ಇಬ್ಬರು ಪುರುಷರಿಗೆ ಅಥವಾ ಇಬ್ಬರು ಮಹಿಳೆಯರಿಗೆ ಆ ಬಾಗಿಲು ತೆರೆಯುವುದಿಲ್ಲ. ಮದುವೆಗೆ ಮಾನ್ಯತೆ ಇಲ್ಲದಿರುವಾಗ ವಿಚ್ಛೇದನದ ಪ್ರಶ್ನೆಯೇ ಏಳುವುದಿಲ್ಲವಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಮದುವೆ ಇಲ್ಲವೆಂದ ಮಾತ್ರಕ್ಕೆ ಮನೆಯ ಸಾಲ, ಬ್ಯಾಂಕಿನ ಜಂಟಿ ಖಾತೆ, ಇಬ್ಬರೂ ಸೇರಿ ಬೆಳೆಸಿದ ಮಗು ಇಲ್ಲವಾಗುವುದಿಲ್ಲ. ಅವುಗಳನ್ನು ಹಂಚುವ ನಿಯಮ ಮಾತ್ರ ಇಲ್ಲವಾಗುತ್ತದೆ. ತೊಡಕು ಇರುವುದೇ ಇಲ್ಲಿ.

ಕಾನೂನಿನ ಇಂದಿನ ನೆಲೆ

ಸಲಿಂಗ ಸಂಬಂಧವನ್ನು ಅಪರಾಧವೆಂದು ಕಾಣುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಹೋರಾಟ ದೀರ್ಘವಾದುದು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರ ನಡುವಿನ ಸಮ್ಮತಿಯ ಖಾಸಗಿ ಸಂಬಂಧಕ್ಕೆ ಈ ಕಲಮು ಅನ್ವಯಿಸದೆಂದು ತೀರ್ಪಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿತವಾದ ನಂತರ ಚಿತ್ರ ಬದಲಾಯಿತು. 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತು.

ಅಪರಾಧವಲ್ಲ ಎನ್ನುವುದು ಬೇರೆ, ವಿವಾಹವೆಂದು ಮನ್ನಿಸುವುದು ಬೇರೆ. ಎರಡನೆಯ ಬೇಡಿಕೆ ಸುಪ್ರಿಯೋ ಪ್ರಕರಣವೆಂದೇ ಹೆಸರಾದ ಅರ್ಜಿಗಳ ಗುಂಪಿನ ಮೂಲಕ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಬೆಂಗಳೂರಿನ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅವರೂ ಅರ್ಜಿದಾರರಲ್ಲಿ ಒಬ್ಬರು. ಮುಖ್ಯ ನ್ಯಾಯಮೂರ್ತಿಯಾಗಿದ್ದ ಡಿ.ವೈ. ಚಂದ್ರಚೂಡ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ 2023ರ ಅಕ್ಟೋಬರ್ 17ರಂದು ತೀರ್ಪು ನೀಡಿತು. ಸಂವಿಧಾನದಲ್ಲಿ ವಿವಾಹದ ಮೂಲಭೂತ ಹಕ್ಕು ಇಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ಸಲಿಂಗ ಜೋಡಿಗಳಿಗೆ ಹಿಗ್ಗಿಸಿ ಓದಲಾಗದು ಎಂಬುದರಲ್ಲಿ ಐವರೂ ಒಮ್ಮತ ಹೊಂದಿದ್ದರು. ವಿವಾಹವಲ್ಲದಿದ್ದರೂ ಒಂದು ಬಗೆಯ ನಾಗರಿಕ ಸಹಜೀವನಕ್ಕೆ ಮಾನ್ಯತೆ ದೊರೆಯಬೇಕೆಂಬ ವಾದ 3:2ರ ಅಂತರದಲ್ಲಿ ಬಿದ್ದುಹೋಯಿತು. ಪುನರ್ ಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾಗೊಂಡವು.

ಆದುದರಿಂದ ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಇಬ್ಬರು ಪುರುಷರ ಅಥವಾ ಇಬ್ಬರು ಮಹಿಳೆಯರ ವಿವಾಹ ನೋಂದಣಿಯಾಗದು. ವಿಶೇಷ ವಿವಾಹ ಕಾಯ್ದೆಯ 4ನೇ ಕಲಮು ಪುರುಷನಿಗೆ 21, ಸ್ತ್ರೀಗೆ 18 ವರ್ಷ ತುಂಬಿರಬೇಕೆಂದು ಹೇಳುತ್ತದೆ. ಹಿಂದೂ ವಿವಾಹ ಕಾಯ್ದೆಯದು ವಧು ಮತ್ತು ವರನ ಭಾಷೆ. ದೇವಸ್ಥಾನದಲ್ಲಿ ಹಾರ ಬದಲಾಯಿಸಿಕೊಂಡರೂ, ಛತ್ರದಲ್ಲಿ ಊಟ ಹಾಕಿಸಿದರೂ ಕಾನೂನಿನ ಬಂಧ ಹುಟ್ಟುವುದಿಲ್ಲ. ಹುಟ್ಟದ ಬಂಧವನ್ನು ಬಿಡಿಸಲು ನ್ಯಾಯಾಲಯವೂ ಬೇಕಿಲ್ಲ.

ಒಂದು ವೈಚಿತ್ರ್ಯವನ್ನು ಇಲ್ಲಿ ಗಮನಿಸಬೇಕು. ವಿಚ್ಛೇದನ ಕಾನೂನಿನಲ್ಲಿ ಸಲಿಂಗ ಸಂಬಂಧದ ಸುಳಿವೇ ಇಲ್ಲವೆಂದಲ್ಲ. ಗಂಡನು ಗುದಸಂಭೋಗದ ತಪ್ಪಿತಸ್ಥನಾಗಿದ್ದರೆ ಹೆಂಡತಿ ವಿಚ್ಛೇದನ ಕೇಳಬಹುದೆಂಬ ಆಧಾರ ಹಿಂದೂ ವಿವಾಹ ಕಾಯ್ದೆಯಲ್ಲಿಯೂ ವಿಶೇಷ ವಿವಾಹ ಕಾಯ್ದೆಯಲ್ಲಿಯೂ ಇದೆ. ಅಂದರೆ ಸಲಿಂಗ ಸಂಬಂಧವು ಬೇರೊಬ್ಬರ ವಿವಾಹವನ್ನು ಮುರಿಯಲು ಕಾರಣವಾಗಬಲ್ಲುದು, ತಾನೇ ಮುರಿದಾಗ ಮಾತ್ರ ಅದಕ್ಕೆ ಕಾನೂನಿನಲ್ಲಿ ಹೆಸರಿಲ್ಲ.

ವಿಚ್ಛೇದನದಿಂದ ದೊರೆಯುವುದೇನು?

ವಿಚ್ಛೇದನವೆಂದರೆ ಮುರಿಯುವ ಕಾನೂನು ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಅದು ಹಂಚುವ ಮತ್ತು ಕಾಪಾಡುವ ಕಾನೂನು. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರನ್ನೇ ತೆಗೆದುಕೊಳ್ಳೋಣ. ಒಂದು ವರ್ಷ ಬೇರೆಯಾಗಿ ಬಾಳಿದ ದಂಪತಿಗಳು 28ನೇ ಕಲಮಿನಡಿ ಪರಸ್ಪರ ಒಪ್ಪಿಗೆಯಿಂದ ಬಿಡುಗಡೆ ಕೋರಬಹುದು. ಒಪ್ಪಿಗೆ ಇಲ್ಲದಿದ್ದರೆ 27ನೇ ಕಲಮಿನಲ್ಲಿ ಕ್ರೌರ್ಯ, ಪರಿತ್ಯಾಗ ಮೊದಲಾದ ಆಧಾರಗಳಿವೆ. ಮೊಕದ್ದಮೆ ನಡೆಯುವಾಗಲೇ ಹೆಂಡತಿಗೆ ಮಧ್ಯಂತರ ಜೀವನಾಂಶ 36ನೇ ಕಲಮಿನಲ್ಲಿ, ಶಾಶ್ವತ ಜೀವನಾಂಶ 37ರಲ್ಲಿ, ಮಕ್ಕಳ ಸುಪರ್ದಿಯ ವ್ಯವಸ್ಥೆ 38ರಲ್ಲಿ ಇದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಇವೆಲ್ಲವನ್ನೂ ದಂಪತಿಗಳ ಆಸ್ತಿ ವ್ಯಾಜ್ಯವನ್ನೂ ಒಂದೇ ಸೂರಿನಡಿ ತರುತ್ತದೆ. ಆಪ್ತ ಸಮಾಲೋಚನೆಯೂ ಅಲ್ಲಿಯೇ ನಡೆಯುತ್ತದೆ.

ಈ ನ್ಯಾಯಾಲಯದ ಅಧಿಕಾರವಾದರೋ 'ವಿವಾಹದ ಪಕ್ಷಕಾರರು' ಎಂಬ ಪದಕ್ಕೆ ಕಟ್ಟುಬಿದ್ದಿದೆ. ಆ ಪದದೊಳಗೆ ಬಾರದವರು ಆಸ್ತಿಗೆ ಒಂದು ನ್ಯಾಯಾಲಯ, ಹಣಕ್ಕೆ ಮತ್ತೊಂದು ಮೊಕದ್ದಮೆ, ಮಗುವಿಗೆ ಇನ್ನೊಂದು ಅರ್ಜಿ ಎಂದು ಅಲೆಯಬೇಕಾಗುತ್ತದೆ. ಹೆಚ್ಚು ಸಂಪಾದಿಸುವ, ಕಾಗದಪತ್ರಗಳಲ್ಲಿ ಹೆಸರಿರುವ ಸಂಗಾತಿಗೆ ಈ ಸ್ಥಿತಿಯಿಂದ ನಷ್ಟವಿಲ್ಲ. ಕೆಲಸ ಬಿಟ್ಟು ಮನೆ ನೋಡಿಕೊಂಡವರಿಗೆ, ಹೆಸರಿಲ್ಲದೆ ಹಣ ಹಾಕಿದವರಿಗೆ ಮಾತ್ರ ಇದರ ಬಿಸಿ ತಟ್ಟುತ್ತದೆ.

ಟ್ರಾನ್ಸ್ ವ್ಯಕ್ತಿಗಳ ಸ್ಥಿತಿ ಬೇರೆ

ಎಲ್ಲ ಲಿಂಗತ್ವ ಅಲ್ಪಸಂಖ್ಯಾತರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ತೃತೀಯ ಲಿಂಗಿಗಳ ಸ್ವಯಂ ಗುರುತನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಮಾನ್ಯ ಮಾಡಿತು. ಹಿಂದೂ ವಿವಾಹ ಕಾಯ್ದೆಯ 'ವಧು' ಎಂಬ ಪದ ಟ್ರಾನ್ಸ್ ಮಹಿಳೆಯನ್ನೂ ಒಳಗೊಳ್ಳುತ್ತದೆಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠ 2019ರ ಏಪ್ರಿಲ್‌ನಲ್ಲಿ ಹೇಳಿತು. ಟ್ರಾನ್ಸ್ ಮಹಿಳೆ ಪುರುಷನನ್ನು, ಟ್ರಾನ್ಸ್ ಪುರುಷ ಮಹಿಳೆಯನ್ನು ಈಗಿರುವ ಕಾನೂನಿನಡಿಯಲ್ಲಿಯೇ ಮದುವೆಯಾಗಬಹುದೆಂದು 2023ರ ತೀರ್ಪಿನಲ್ಲಿಯೂ ನ್ಯಾಯಮೂರ್ತಿಗಳು ಸ್ಪಷ್ಟಪಡಿಸಿದರು. ಇಂತಹ ವಿವಾಹ ಊರ್ಜಿತವಾದುದರಿಂದ ವಿಚ್ಛೇದನ ಮತ್ತು ಮಕ್ಕಳ ಸುಪರ್ದಿಯ ಪ್ರಶ್ನೆಗಳೂ ಅದೇ ಕಾನೂನಿನೊಳಗೆ ಬರುತ್ತವೆ. ನ್ಯಾಯದೇಗುಲದ ಬಾಗಿಲು ಅವರಿಗೆ ಮುಚ್ಚಿಲ್ಲ.

ಮನೆ ಯಾರದು?

ಬೇರ್ಪಡೆಯಲ್ಲಿ ಅತ್ಯಂತ ಹೆಚ್ಚು ನೋವು ತರುವ ಪ್ರಶ್ನೆ ಮನೆಯದು. ಒಂದು ಕಾಲ್ಪನಿಕ ನಿದರ್ಶನವನ್ನು ನೋಡಬಹುದು. ಜೆ.ಪಿ. ನಗರದಲ್ಲಿ ಇಬ್ಬರು ಸಂಗಾತಿಗಳು ಫ್ಲಾಟ್ ಕೊಳ್ಳಲು ಹೊರಡುತ್ತಾರೆ. ಗೃಹಸಾಲಕ್ಕೆ ಹತ್ತಿರದ ಸಂಬಂಧಿಕರನ್ನು ಮಾತ್ರ ಸಹಸಾಲಗಾರರನ್ನಾಗಿ ಒಪ್ಪುವ ಪದ್ಧತಿ ಅನೇಕ ಬ್ಯಾಂಕುಗಳಲ್ಲಿದೆ. ಹಾಗಾಗಿ ಕ್ರಯಪತ್ರವೂ ಸಾಲವೂ ಒಬ್ಬರ ಹೆಸರಿನಲ್ಲಿ ಆಗುತ್ತವೆ. ಇನ್ನೊಬ್ಬರು ಪ್ರತಿ ತಿಂಗಳು ಕಂತಿನ ಅರ್ಧದಷ್ಟನ್ನು ಮೊದಲನೆಯವರ ಖಾತೆಗೆ ಹಾಕುತ್ತಾ ಬರುತ್ತಾರೆ. ಎಂಟು ವರ್ಷಗಳ ನಂತರ ಸಂಬಂಧ ಮುರಿಯುತ್ತದೆ. ಹಣ ಹಾಕಿದವರಿಗೆ ಏನು ಸಿಗುತ್ತದೆ?

ಇಲ್ಲಿ 1988ರ ಬೇನಾಮಿ ವ್ಯವಹಾರ ನಿಷೇಧ ಕಾಯ್ದೆ ಅಡ್ಡ ಬರುತ್ತದೆ. ಒಬ್ಬರು ಹಣ ಕೊಟ್ಟು ಇನ್ನೊಬ್ಬರ ಹೆಸರಿನಲ್ಲಿ ಆಸ್ತಿ ಕೊಂಡರೆ ಅದು ಬೇನಾಮಿ. ತಿಳಿದ ಮೂಲದ ಹಣದಿಂದ ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿ ಇಲ್ಲವೆ ಮಕ್ಕಳ ಹೆಸರಿನಲ್ಲಿ ಕೊಂಡದ್ದಕ್ಕೆ ವಿನಾಯಿತಿ ಇದೆ. ಸಲಿಂಗ ಸಂಗಾತಿಗೆ ಆ ವಿನಾಯಿತಿ ಇಲ್ಲ. ಬೇನಾಮಿ ಎನಿಸಿದ ಆಸ್ತಿಯನ್ನು 'ವಾಸ್ತವ ಮಾಲೀಕ ನಾನು' ಎಂದು ದಾವೆ ಹೂಡಿ ಪಡೆಯಲು 4ನೇ ಕಲಮು ಬಿಡುವುದಿಲ್ಲ. ಗಂಡ ಹೆಂಡತಿಯ ನಡುವೆ ಸಹಜವೆನಿಸುವ ಏರ್ಪಾಡು ಇಲ್ಲಿ ಬೇನಾಮಿ ಎಂಬ ವಾದಕ್ಕೆ ಎಡೆಮಾಡಿಕೊಡುತ್ತದೆ. ಕೊಟ್ಟ ಹಣ ಸಾಲವೆಂದು ಬರವಣಿಗೆಯಲ್ಲಿದ್ದರೆ ಅದನ್ನು ಸಾಲವಾಗಿ ವಸೂಲು ಮಾಡಬಹುದು. ಅದಕ್ಕೂ 1963ರ ಕಾಲಮಿತಿ ಕಾಯ್ದೆಯಡಿ ಸಾಮಾನ್ಯವಾಗಿ ಮೂರು ವರ್ಷದ ಗಡುವಿದೆ.

ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದ್ದರೆ ಸ್ಥಿತಿ ಎಷ್ಟೋ ಮೇಲು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಯಾರು ಎಷ್ಟು ಹಣ ಹಾಕಿದರೋ ಅಷ್ಟು ಪಾಲು. ಅದನ್ನು ತೋರಿಸುವ ಸಾಕ್ಷ್ಯ ಇಲ್ಲದಿದ್ದರೆ ಸಮಪಾಲು. ಸಹಮಾಲೀಕರಲ್ಲಿ ಯಾರೇ ಆದರೂ ವಿಭಾಗ ಕೋರಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಫ್ಲಾಟನ್ನು ಭೌತಿಕವಾಗಿ ತುಂಡು ಮಾಡಲಾಗದ ಕಾರಣ ಮಾರಾಟ ಮಾಡಿ ಹಣ ಹಂಚುವ ದಾರಿಯನ್ನು 1893ರ ವಿಭಾಗ ಕಾಯ್ದೆ ತೋರಿಸುತ್ತದೆ. ಒಂದು ಎಚ್ಚರಿಕೆ: ಇಬ್ಬರೂ ಸಹಿ ಹಾಕಿದ ಗೃಹಸಾಲಕ್ಕೆ ಬ್ಯಾಂಕಿನ ಮುಂದೆ ಇಬ್ಬರೂ ಪೂರ್ತಿ ಹೊಣೆ. ಮನೆ ಬಿಟ್ಟು ಹೋದೆನೆಂದರೆ ಕಂತು ಬಿಡುವುದಿಲ್ಲ.

ನ್ಯಾಯಾಲಯ ಶುಲ್ಕದ ಲೆಕ್ಕವೂ ಇದೆ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯ ನಿರ್ಣಯ ಕಾಯ್ದೆಯ 35ನೇ ಕಲಮಿನಡಿ, ಜಂಟಿ ಸ್ವಾಧೀನದಲ್ಲಿರುವವರು ವಿಭಾಗ ಕೋರಿದರೆ ನಿಗದಿತ ಅಲ್ಪ ಶುಲ್ಕ ಸಾಕು. ಸ್ವಾಧೀನದಿಂದ ಹೊರದೂಡಲ್ಪಟ್ಟವರು ತಮ್ಮ ಪಾಲಿನ ಮಾರುಕಟ್ಟೆ ಮೌಲ್ಯದ ಮೇಲೆ ಶುಲ್ಕ ತೆರಬೇಕು. ಆದುದರಿಂದ ಸಿಟ್ಟಿನಲ್ಲಿ ಬೀಗದ ಕೈ ಒಪ್ಪಿಸಿ ಹೊರಟುಹೋಗುವ ಮುನ್ನ ವಕೀಲರನ್ನು ಕಾಣುವುದು ಲೇಸು.

ಒಪ್ಪಂದದಿಂದಲೇ ಪಾಲು ಬಿಟ್ಟುಕೊಟ್ಟರೂ ಖರ್ಚು ತಪ್ಪದು. ಕುಟುಂಬದ ಸದಸ್ಯರ ನಡುವಿನ ದಾನಪತ್ರ, ಹಕ್ಕು ಖುಲಾಸೆ ಪತ್ರಗಳಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ಸಲಿಂಗ ಸಂಗಾತಿಗಳು ಕುಟುಂಬದ ವ್ಯಾಖ್ಯೆಯೊಳಗೆ ಬಾರದೆ ಪರಸ್ಥರಾಗುತ್ತಾರೆ, ಪೂರ್ಣ ಶುಲ್ಕ ತೆರುತ್ತಾರೆ. ಆದಾಯ ತೆರಿಗೆಯದೂ ಇದೇ ಕಥೆ. ಗಂಡ ಹೆಂಡತಿಗೆ ಕೊಟ್ಟ ಉಡುಗೊರೆಗೆ ಪಡೆದವರು ತೆರಿಗೆ ಕಟ್ಟಬೇಕಿಲ್ಲ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಪಡೆದ ಹಣ ಆದಾಯವೆಂದು ಎಣಿಕೆಯಾಗುತ್ತದೆ. ಈ ತಾರತಮ್ಯವನ್ನು ಪ್ರಶ್ನಿಸಿ ಸಲಿಂಗ ಜೋಡಿಯೊಂದು 2025ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು.

ಬಾಡಿಗೆ ಮನೆಯವರ ಸಮಸ್ಯೆ ಇನ್ನೊಂದು ತೆರನದು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಬೆಂಗಳೂರಿನಲ್ಲಿ ಹಳೆಯದು. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಯಾರ ಹೆಸರಿದೆಯೋ ಅವರಿಗೇ ಮಾಲೀಕರು ಮುಂಗಡ ಹಿಂದಿರುಗಿಸುತ್ತಾರೆ. ಇಬ್ಬರ ಹೆಸರನ್ನೂ ಬರೆಯಿಸುವುದು, ಮುಂಗಡವನ್ನು ಬ್ಯಾಂಕ್ ಮೂಲಕವೇ ಪಾವತಿಸುವುದು ಮುಂದಿನ ಜಗಳವನ್ನು ತಪ್ಪಿಸುತ್ತದೆ.

ವಿದೇಶದಲ್ಲಿ ಕಟ್ಟಿದ ಗಂಟು

ದಕ್ಷಿಣ ಬೆಂಗಳೂರಿನ ಅನೇಕ ಮನೆಗಳ ಮಕ್ಕಳು ಉದ್ಯೋಗಕ್ಕೆಂದು ಅಮೆರಿಕ, ಕೆನಡಾ, ಬ್ರಿಟನ್‌ಗಳಿಗೆ ಹೋಗಿದ್ದಾರೆ. ಅಲ್ಲಿ ಸಲಿಂಗ ವಿವಾಹ ಕಾನೂನುಬದ್ಧ. ಅಲ್ಲಿ ಮದುವೆಯಾಗಿ ಇಲ್ಲಿಗೆ ಮರಳಿದವರ ಸ್ಥಿತಿ ಎಲ್ಲಕ್ಕಿಂತ ಜಟಿಲವಾದುದು. ಒಂದು ದೇಶದಲ್ಲಿ ಅವರು ದಂಪತಿಗಳು, ಇನ್ನೊಂದು ದೇಶದಲ್ಲಿ ಅಪರಿಚಿತರು.

1969ರ ವಿದೇಶ ವಿವಾಹ ಕಾಯ್ದೆ ಹೊರನಾಡಿನಲ್ಲಿ ಮದುವೆಯಾದ ಭಾರತೀಯರಿಗೆ ನೋಂದಣಿಯ ಅವಕಾಶ ಕೊಡುತ್ತದೆ. ಅದರ 18ನೇ ಕಲಮಿನ ಮೂಲಕ ವಿಶೇಷ ವಿವಾಹ ಕಾಯ್ದೆಯ ವಿಚ್ಛೇದನ ನಿಯಮಗಳೂ ಅವರಿಗೆ ಅನ್ವಯಿಸುತ್ತವೆ. ಆದರೆ ಈ ಕಾಯ್ದೆಯೂ ವಧು ವರರ ಭಾಷೆಯನ್ನೇ ಆಡುತ್ತದೆ. 2017ರಲ್ಲಿ ವಾಷಿಂಗ್ಟನ್‌ನಲ್ಲಿ ಮದುವೆಯಾದ ಇಬ್ಬರು ಪುರುಷರ ವಿವಾಹವನ್ನು ನೋಂದಾಯಿಸಲು ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟ್ ನಿರಾಕರಿಸಿದ್ದು, ಅವರು 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋದದ್ದು ಈ ಕಾಯ್ದೆಯ ವಿಷಯವಾಗಿಯೇ. ಇಲ್ಲಿ ಮಾನ್ಯವಾಗದ ವಿವಾಹವನ್ನು ಇಲ್ಲಿನ ಕೌಟುಂಬಿಕ ನ್ಯಾಯಾಲಯ ರದ್ದುಗೊಳಿಸಲಾರದು. ಮದುವೆ ನಡೆದ ದೇಶಕ್ಕೆ ಹೋಗೋಣವೆಂದರೆ ಅಲ್ಲಿ ವಾಸದ ಷರತ್ತು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇಂತಿಷ್ಟು ಕಾಲ ವಾಸವಿದ್ದವರಿಗೆ ಮಾತ್ರ ವಿಚ್ಛೇದನ. ಮದುವೆಯಾಗಲು ಒಂದು ದಿನ ಸಾಕಿತ್ತು, ಬಿಡಿಸಿಕೊಳ್ಳಲು ವೀಸಾ ಪಡೆದು ತಿಂಗಳುಗಟ್ಟಲೆ ಅಲ್ಲಿ ನೆಲೆಸಬೇಕು.

ಈ ಸಂಕಟವನ್ನು ಮನಗಂಡು ಕೆಲವೆಡೆ ಶಾಸನಗಳನ್ನು ತಿದ್ದಲಾಗಿದೆ.

ಕ್ಯಾಲಿಫೋರ್ನಿಯಾ: ಅಲ್ಲಿ ಮದುವೆಯಾದ ಸಲಿಂಗ ದಂಪತಿಗಳು ಈಗ ಇರುವ ಸ್ಥಳದಲ್ಲಿ ವಿಚ್ಛೇದನ ಸಿಗದಿದ್ದರೆ, ವಾಸದ ಷರತ್ತಿಲ್ಲದೆ ಅಲ್ಲಿನ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಬಹುದು.

ಕೆನಡಾ: 2013ರ ತಿದ್ದುಪಡಿಯ ಪ್ರಕಾರ, ಅನಿವಾಸಿಗಳು ಮದುವೆಯಾದ ಪ್ರಾಂತ್ಯದ ನ್ಯಾಯಾಲಯದಿಂದಲೇ ಬಿಡುಗಡೆ ಪಡೆಯಬಹುದು. ಒಂದು ವರ್ಷ ಬೇರೆಯಾಗಿ ಬಾಳಿರಬೇಕು, ವಿವಾಹವನ್ನು ಮನ್ನಿಸದ ದೇಶದಲ್ಲಿ ಇಬ್ಬರೂ ಒಂದು ವರ್ಷದಿಂದ ನೆಲೆಸಿರಬೇಕು. ಇಬ್ಬರ ಒಪ್ಪಿಗೆ ಬೇಕು. ಒಬ್ಬರು ಅಕಾರಣವಾಗಿ ಒಪ್ಪದಿದ್ದರೆ ಅಥವಾ ಪತ್ತೆಯಾಗದಿದ್ದರೆ ಅದನ್ನು ಸಾರುವ ನ್ಯಾಯಾಲಯದ ಆದೇಶ ಬೇಕು. ಭಾರತದಲ್ಲಿರುವವರಿಗೆ ಆ ಆದೇಶ ತರುವುದೇ ಕಷ್ಟ. ಜೀವನಾಂಶ ಮತ್ತು ಮಕ್ಕಳ ಪ್ರಶ್ನೆಗಳಿಗೆ ಈ ಮಾರ್ಗದಲ್ಲಿ ಪರಿಹಾರವಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್: ಅಲ್ಲಿನ ಕಾನೂನಿನಂತೆ ಮದುವೆಯಾದ ಸಲಿಂಗ ದಂಪತಿಗಳಿಗೆ ಬೇರೆಲ್ಲಿಯೂ ದಾರಿ ಇಲ್ಲದಿದ್ದರೆ, ನ್ಯಾಯದ ಹಿತದೃಷ್ಟಿಯಿಂದ ಅರ್ಜಿಯನ್ನು ಅಂಗೀಕರಿಸುವ ಅಧಿಕಾರ ನ್ಯಾಯಾಲಯಕ್ಕಿದೆ. 2022ರ ಏಪ್ರಿಲ್ 6ರಿಂದ ಅಲ್ಲಿ ತಪ್ಪು ಹೊರಿಸದೆಯೇ ವಿಚ್ಛೇದನ ಪಡೆಯಬಹುದಾಗಿದೆ.

ಇಲ್ಲಿ ಮಾನ್ಯತೆ ಇಲ್ಲವೆಂದು ವಿದೇಶದ ವಿವಾಹವನ್ನು ಮರೆತುಬಿಡುವುದು ಅಪಾಯಕಾರಿ. ಮನೆಯವರ ಒತ್ತಾಯಕ್ಕೆ ಮಣಿದು ಇಲ್ಲಿ ಇನ್ನೊಂದು ಮದುವೆಯಾದವರು ಮುಂದೆ ಅದೇ ದೇಶಕ್ಕೆ ಹೊಸ ಸಂಗಾತಿಯೊಡನೆ ಹೊರಟರೆ, ಅಲ್ಲಿನ ದಾಖಲೆಯಲ್ಲಿ ಮೊದಲ ವಿವಾಹ ಜೀವಂತವಾಗಿರುತ್ತದೆ. ವೀಸಾ ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟರೆ ಸುಳ್ಳು ಹೇಳಿಕೆ, ಬಿಚ್ಚಿಟ್ಟರೆ ದ್ವಿಪತ್ನಿತ್ವದ ಪ್ರಶ್ನೆ. ಏನೂ ಅರಿಯದೆ ಮದುವೆಯಾದ ಎರಡನೆಯ ವ್ಯಕ್ತಿಯೂ ಈ ಸುಳಿಯಲ್ಲಿ ಸಿಲುಕುತ್ತಾರೆ.

ಮಗುವಿನ ಪ್ರಶ್ನೆ

ಭಾರತದಲ್ಲಿ ಸಲಿಂಗ ಜೋಡಿ ಒಟ್ಟಾಗಿ ದತ್ತು ಪಡೆಯುವಂತಿಲ್ಲ. 2022ರ ದತ್ತು ನಿಯಮಾವಳಿ ಜೋಡಿಗಳಿಗೆ ಎರಡು ವರ್ಷಗಳ ಸ್ಥಿರ ವೈವಾಹಿಕ ಜೀವನದ ಷರತ್ತು ಹಾಕುತ್ತದೆ. ಸುಪ್ರಿಯೋ ತೀರ್ಪಿನ ಬಹುಮತ ಈ ನಿಯಮವನ್ನು ಎತ್ತಿಹಿಡಿಯಿತು. ಹಾಗಾಗಿ ಇಬ್ಬರಲ್ಲಿ ಒಬ್ಬರು ಒಂಟಿ ವ್ಯಕ್ತಿಯಾಗಿ ದತ್ತು ಪಡೆಯುತ್ತಾರೆ. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ದತ್ತು ಕೊಡುವುದಿಲ್ಲ. 2021ರ ಬಾಡಿಗೆ ತಾಯ್ತನ ಕಾಯ್ದೆಯಂತೂ ಸಲಿಂಗ ಜೋಡಿಗಳನ್ನು ಪೂರ್ತಿ ಹೊರಗಿಟ್ಟಿದೆ.

ಪರಿಣಾಮವಾಗಿ ಶಾಲೆಯ ದಾಖಲೆಯಲ್ಲಿ, ಜನನ ಪ್ರಮಾಣಪತ್ರದಲ್ಲಿ ಒಬ್ಬರೇ ಪೋಷಕರು. ಮಗುವಿಗೆ ರಾತ್ರಿ ಜ್ವರ ಬಂದಾಗ ಎದ್ದು ಕೂತ ಇನ್ನೊಬ್ಬರು, ಸಂಬಂಧ ಮುರಿದ ಮರುದಿನ ಮಗುವಿಗೆ ಕಾನೂನಿನ ಪ್ರಕಾರ ಯಾರೂ ಅಲ್ಲ. ಭೇಟಿಯ ಹಕ್ಕು ಅವರಿಗೆ ತಾನಾಗಿ ಬರುವುದಿಲ್ಲ. ಅವರನ್ನೇ 'ಅಮ್ಮ' ಎಂದು ಕರೆದು ಬೆಳೆದ ಮಗುವಿಗೂ ಅವರಿಂದ ಪೋಷಣೆಯ ಹಕ್ಕಿಲ್ಲ.

ಪೂರ್ತಿ ಕತ್ತಲೆ ಎನ್ನುವಂತಿಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 8ನೇ ಕಲಮು ಮಗುವಿನ ಸಂಬಂಧಿ ಮಾತ್ರವಲ್ಲದೆ ಸ್ನೇಹಿತರೂ ಪೋಷಕತ್ವಕ್ಕಾಗಿ ಅರ್ಜಿ ಸಲ್ಲಿಸಲು ಅವಕಾಶ ಕೊಡುತ್ತದೆ. ಮಗುವಿನ ಹಿತಕ್ಕೆ ನ್ಯಾಯಾಲಯ ತೂಕ ಕೊಡಬೇಕೆಂದು 17ನೇ ಕಲಮು ಹೇಳುತ್ತದೆ. ಕಾನೂನುಬದ್ಧ ಪೋಷಕರು ಬದುಕಿದ್ದು ಸಮರ್ಥರಾಗಿರುವಾಗ ಈ ಅರ್ಜಿ ಗೆಲ್ಲುವುದು ಸುಲಭವಲ್ಲ. ಆದರೂ ಬೇರೆಯಾಗುವ ಮುನ್ನ ಭೇಟಿ, ಶಾಲಾ ವೆಚ್ಚ, ರಜಾ ದಿನಗಳ ಕುರಿತು ಬರೆದಿಟ್ಟ ಒಪ್ಪಂದ ಮಗುವಿನ ಹಿತವೇನೆಂಬುದಕ್ಕೆ ಸಾಕ್ಷ್ಯವಾಗಿ ನಿಲ್ಲಬಲ್ಲುದು.

ಜೀವನಾಂಶ ಮತ್ತು ಹಿಂಸೆ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಅಂದರೆ ಹಿಂದಿನ ಸಿ.ಆರ್.ಪಿ.ಸಿ. 125, ಹೆಂಡತಿ, ಮಕ್ಕಳು ಮತ್ತು ತಂದೆ ತಾಯಿಗೆ ಜೀವನಾಂಶ ಕೊಡಿಸುತ್ತದೆ. ಸಲಿಂಗ ಸಂಗಾತಿ ಈ ಪಟ್ಟಿಯಲ್ಲಿಲ್ಲ.

2005ರ ಕೌಟುಂಬಿಕ ಹಿಂಸಾಚಾರದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ಮಹಿಳೆಯೇ ಆಗಿರಬೇಕು. ಹಾಗಾಗಿ ಪುರುಷ ಸಂಗಾತಿಗಳಿಗೆ ಅದು ದೊರೆಯದು. ಪ್ರತಿವಾದಿ ವಯಸ್ಕ ಪುರುಷನೇ ಆಗಿರಬೇಕೆಂಬ ಮಾತನ್ನು ಸುಪ್ರೀಂ ಕೋರ್ಟ್ 2016ರ ಅಕ್ಟೋಬರ್ 6ರ ಹಿರಲ್ ಹರ್ಸೋರಾ ತೀರ್ಪಿನಲ್ಲಿ ತೆಗೆದುಹಾಕಿತು. ಇದರಿಂದ ಇಬ್ಬರು ಮಹಿಳೆಯರ ಮಟ್ಟಿಗೆ ಬಾಗಿಲು ತುಸು ತೆರೆದಂತೆ ಕಾಣುತ್ತದೆ. ಆದರೆ 'ವಿವಾಹದ ಸ್ವರೂಪದ ಸಂಬಂಧ' ಎನಿಸಿಕೊಳ್ಳಲು ಇಬ್ಬರೂ ಕಾನೂನುಬದ್ಧವಾಗಿ ಮದುವೆಯಾಗಲು ಅರ್ಹರಾಗಿರಬೇಕೆಂದು 2010ರ ವೇಲುಸ್ವಾಮಿ ತೀರ್ಪು ಹೇಳಿರುವುದು ದೊಡ್ಡ ಅಡ್ಡಿ. ಹೊಡೆತ, ಬೆದರಿಕೆ, ಕೂಡಿಹಾಕುವಿಕೆಗಳು ಮಾತ್ರ ಯಾರು ಯಾರಿಗೆ ಮಾಡಿದರೂ ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧವೇ. ಅವುಗಳಿಗೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಈ ಸಂಹಿತೆಯಲ್ಲಿ 377ರ ಸ್ಥಾನದಲ್ಲಿ ಏನನ್ನೂ ಇಡದಿರುವ ಕಾರಣ, ವಯಸ್ಕ ಪುರುಷನ ಮೇಲೆ ನಡೆದ ಲೈಂಗಿಕ ಬಲಾತ್ಕಾರಕ್ಕೆ ಪ್ರತ್ಯೇಕ ಕಲಮು ಇಲ್ಲದಂತಾಗಿದೆ.

ಎಲ್ಲಿಗೆ ಹೋಗಬೇಕು?

ಆಸ್ತಿ ಮತ್ತು ಹಣದ ದಾವೆಗಳು ಬೆಂಗಳೂರು ನಗರದ ಮಟ್ಟಿಗೆ ಸಿಟಿ ಸಿವಿಲ್ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತವೆ. ದಾವೆಗಿಂತ ಸಂಧಾನ ಅಗ್ಗ ಮತ್ತು ಗೋಪ್ಯ. ತಮ್ಮ ಸಂಬಂಧವನ್ನು ಮನೆಯವರಿಗಾಗಲಿ ಕಚೇರಿಗಾಗಲಿ ತಿಳಿಸದವರಿಗೆ ಗೋಪ್ಯತೆಯೇ ದೊಡ್ಡದು. 'ವಿಷಯವನ್ನು ಬಯಲು ಮಾಡುತ್ತೇನೆ' ಎಂಬ ಒಂದು ಬೆದರಿಕೆಗೆ ಹೆದರಿ ನ್ಯಾಯವಾದ ಪಾಲನ್ನು ಬಿಟ್ಟುಕೊಡುವಂತಾಗಬಾರದು. ಇಬ್ಬರೂ ಒಪ್ಪಿ ಲೋಕ್ ಅದಾಲತ್‌ನಲ್ಲಿ ಇತ್ಯರ್ಥ ಮಾಡಿಕೊಂಡರೆ ಆ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆ ಇದೆ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾ​ನೂನು ನೆರವು ಲಭ್ಯ. ಉಳಿದವರಲ್ಲಿ ಹಲವರಿಗೆ ಆದಾಯ ಮಿತಿಗೆ ಒಳಪಟ್ಟು ದೊರೆಯುತ್ತದೆ. 15100 ಸಂಖ್ಯೆಗೆ ಕರೆ ಮಾಡಿ ಪ್ರಾಥಮಿಕ ಸಲಹೆ ಪಡೆಯಬಹುದು. ಸಂಬಂಧದ ಸ್ವರೂಪ ಏನೆಂಬುದು ಈ ನೆರವಿಗೆ ಅಡ್ಡಿಯಲ್ಲ.

ಬರೆದಿಡುವುದರ ಬೆಲೆ

ವಿವಾಹ ಕಾನೂನು ಕೊಡದ ರಕ್ಷಣೆಯನ್ನು ಸ್ವಲ್ಪಮಟ್ಟಿಗೆ 1872ರ ಕರಾರು ಕಾಯ್ದೆಯಿಂದ ಪಡೆಯಬಹುದು. ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ಅನೂರ್ಜಿತವೆನ್ನುತ್ತದೆ 23ನೇ ಕಲಮು. ಸಹಜೀವನವೇ ಅಪರಾಧವಲ್ಲವೆಂದು 2018ರಲ್ಲಿ ತೀರ್ಪಾದ ಮೇಲೆ ಆಸ್ತಿ ಮತ್ತು ವೆಚ್ಚ ಹಂಚಿಕೆಯ ಕರಾರನ್ನು ಆ ಕಾರಣಕ್ಕೆ ತಳ್ಳಿಹಾಕುವುದು ಕಷ್ಟ. ಕರಾರಿನಲ್ಲಿ ಕಾಣಿಸಬೇಕಾದವು: ಯಾರು ಎಷ್ಟು ಹಣ ಹಾಕಿದರು, ಅದು ಸಾಲವೋ ಪಾಲೋ ಉಡುಗೊರೆಯೋ, ಬೇರೆಯಾದರೆ ಮನೆ ಯಾರು ಇಟ್ಟುಕೊಳ್ಳಬೇಕು, ಇನ್ನೊಬ್ಬರಿಗೆ ಎಷ್ಟು ಅವಧಿಯಲ್ಲಿ ಹಣ ತೀರಿಸಬೇಕು, ಒಬ್ಬರು ಕೆಲಸ ಬಿಟ್ಟಿದ್ದರೆ ಅವರಿಗೆ ಪರಿಹಾರವೇನು.

ಸಂಬಂಧ ಮುರಿದ ಮೇಲೆ ಮರೆಯದೆ ಮಾಡಬೇಕಾದ ಕೆಲಸಗಳೂ ಇವೆ.

1. ಉಯಿಲು: ಸಂಗಾತಿಯ ಹೆಸರಿಗೆ ಬರೆದ ಉಯಿಲು ಬೇರೆಯಾದ ಮಾತ್ರಕ್ಕೆ ರದ್ದಾಗುವುದಿಲ್ಲ. ಹೊಸದನ್ನು ಬರೆಯಬೇಕು.

2. ನಾಮನಿರ್ದೇಶನ: ಬ್ಯಾಂಕ್, ವಿಮೆ, ಭವಿಷ್ಯನಿಧಿ, ಗ್ರಾಚ್ಯುಟಿ ದಾಖಲೆಗಳನ್ನು ಒಂದೊಂದಾಗಿ ಬದಲಿಸಬೇಕು. ಕುಟುಂಬವಿರುವ ನೌಕರ ಭವಿಷ್ಯನಿಧಿಗೆ ಕುಟುಂಬದ ಹೊರಗಿನವರನ್ನು ಹೆಸರಿಸುವಂತಿಲ್ಲ ಎಂಬುದೂ ನೆನಪಿರಲಿ.

3. ಅಧಿಕಾರ ಪತ್ರ: ಸಂಗಾತಿಗೆ ಕೊಟ್ಟ ಜಿ.ಪಿ.ಎ. ಇದ್ದರೆ ರದ್ದತಿ ಪತ್ರ ಮಾಡಿಸಿ, ಬ್ಯಾಂಕು ಮತ್ತು ಸಂಬಂಧಪಟ್ಟ ಕಚೇರಿಗಳಿಗೆ ತಿಳಿಸಬೇಕು.

4. ವೈದ್ಯಕೀಯ ಮುಂಗಡ ನಿರ್ದೇಶನ: ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ 2023ರಲ್ಲಿ ಸರಳಗೊಳಿಸಿದ, ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದ ಈ ಪತ್ರದಲ್ಲಿ ಹಳೆಯ ಸಂಗಾತಿಯ ಹೆಸರಿದ್ದರೆ ಪ್ರಾಣದ ಪ್ರಶ್ನೆಯಲ್ಲಿ ನಿರ್ಧರಿಸುವ ಮಾತು ಅವರದೇ ಆಗಿ ಉಳಿಯುತ್ತದೆ.

5. ಜಂಟಿ ಖಾತೆ: ಬಾಕಿ ಹಂಚಿ ಮುಚ್ಚಬೇಕು. ಹಂಚಿಕೆಗೆ ಸಹಿ ಮಾಡಿದ ರಸೀದಿ ಇರಲಿ.

ಮುಂದೇನು?

ಸುಪ್ರಿಯೋ ತೀರ್ಪಿನ ನಂತರ ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ 2024ರ ಏಪ್ರಿಲ್‌ನಲ್ಲಿ ಸಮಿತಿ ರಚಿಸಿತು. ಅದೇ ವರ್ಷ ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ನಿರ್ಬಂಧವಿಲ್ಲವೆಂದು ಸ್ಪಷ್ಟನೆ ಬಂದಿತು. ಪಡಿತರ ಚೀಟಿಯಲ್ಲಿ ಇಬ್ಬರನ್ನೂ ಒಂದೇ ಮನೆಯವರೆಂದು ಪರಿಗಣಿಸಬೇಕೆಂದು ರಾಜ್ಯಗಳಿಗೆ ತಿಳಿಸಲಾಯಿತು. ವಿವಾಹವೊಂದೇ ಕುಟುಂಬ ಕಟ್ಟುವ ದಾರಿಯಲ್ಲವೆಂದು ಮದ್ರಾಸ್ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ಇಬ್ಬರು ಯುವತಿಯರ ಪ್ರಕರಣದಲ್ಲಿ ಹೇಳಿತು. ಏಷ್ಯಾದಲ್ಲಿ ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿ 23ರಿಂದ ಸಲಿಂಗ ವಿವಾಹವನ್ನು, ಅದರೊಂದಿಗೆ ವಿಚ್ಛೇದನವನ್ನೂ ಕಾನೂನಿನೊಳಗೆ ತಂದಿವೆ.

ಭಾರತದಲ್ಲಿ ಇದುವರೆಗೆ ಬಂದ ಸ್ಪಷ್ಟನೆಗಳೆಲ್ಲ ಜತೆಯಾಗಿ ಬಾಳುವುದನ್ನು ಕುರಿತವು. ಖಾತೆ ತೆರೆಯುವುದು ಹೇಗೆಂದು ಹೇಳಲಾಗಿದೆ, ಇಬ್ಬರು ಮುನಿದಾಗ ಅದರ ಹಣ ಯಾರದೆಂದು ಹೇಳಿಲ್ಲ. ವಿವಾಹದ ಮಾನ್ಯತೆಗಾಗಿ ವಾದಿಸುವವರೂ ವಿರೋಧಿಸುವವರೂ ಹೆಚ್ಚಾಗಿ ಮಂಟಪದ ಕುರಿತೇ ಮಾತನಾಡುತ್ತಾರೆ. ಕಾನೂನಿನ ನಿಜವಾದ ಅಗತ್ಯ ಕಾಣುವುದು ಮಂಟಪದಲ್ಲಲ್ಲ, ಒಂದು ಸಂಸಾರ ಎರಡಾಗುವ ದಿನ. ಶಾಸನ ಬರುವ ತನಕ ಆ ದಿನಕ್ಕೆ ಆಸರೆಯಾಗುವುದು ಒಲವಿನ ದಿನಗಳಲ್ಲಿ ಬರೆದಿಟ್ಟ ಕಾಗದ ಮಾತ್ರ.